‘ಏಳು ದಿನ ಕಾಯಿರಿ’ ಅಂದರೆ ಏನರ್ಥ? ಲೇಯರ್ ಟು ಬಗ್ಗೆ ನಾನು ತಿಳಿದುಕೊಂಡಿದ್ದು

ಒಂದು ವರ್ಷದಿಂದ ನಮ್ಮ ಕಡೆ ಹೊಸ ಮಾತೊಂದು ಓಡಾಡುತ್ತಿದೆ. ‘ಲೇಯರ್ ಟು’. ಬಿಟ್‌ಕಾಯಿನ್ ಅಂದರೆ ಎತ್ತಿನ ಗಾಡಿಯಂತೆ, ಲೇಯರ್ ಟು ಅಂದರೆ ಎಕ್ಸ್‌ಪ್ರೆಸ್ ರೈಲಂತೆ, ಈಗಲೇ ದುಡ್ಡು ಹಾಕಿದವರು ಗೆದ್ದರಂತೆ. ವಾಟ್ಸಾಪ್ ಗ್ರೂಪುಗಳಲ್ಲಿ ಬರುತ್ತದೆ, ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಟೀ ಅಂಗಡಿಯಲ್ಲಿ ಬರುತ್ತದೆ. ಪೇಪರಿನವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆಯಲ್ಲಿ ಜನ ನನ್ನನ್ನು ಕೇಳುತ್ತಾರೆ. ಜರ್ನಲಿಸಂ ಡಿಪ್ಲೊಮಾದಲ್ಲಿ ನಮಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ರಾತ್ರಿ ಹೊತ್ತು ಕೂತು ಓದಿದೆ. ಓದಿದ್ದನ್ನು ನಮ್ಮ ಭಾಷೆಯಲ್ಲಿ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಇದೆ, ಬಸ್ಸಿಗೆ ಕಾಯುವಾಗ ಓದಿ.

ಮೊದಲು ಬ್ಲಾಕ್‌ಚೈನ್. ಅದೊಂದು ಲೆಕ್ಕದ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಬರೆದಿರುವ ಪುಸ್ತಕ, ಅಷ್ಟೇ. ಬ್ಯಾಂಕಿನಲ್ಲಾದರೆ ಆ ಪುಸ್ತಕ ಬ್ಯಾಂಕಿನ ಕೈಯಲ್ಲಿರುತ್ತದೆ. ಇಲ್ಲಿ ಅದೇ ಪುಸ್ತಕದ ನಕಲು ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಹೊಸ ಸಾಲು ಬರೆಯಬೇಕಾದರೆ ಎಲ್ಲರೂ ಅದನ್ನು ತಾಳೆ ನೋಡಿ, ಎಲ್ಲರೂ ಬರೆದುಕೊಳ್ಳಬೇಕು. ಹೀಗಾಗಿ ಯಾರೋ ಒಬ್ಬರು ರಾತ್ರೋರಾತ್ರಿ ಹಾಳೆ ಹರಿದು ತಿದ್ದಲು ಆಗುವುದಿಲ್ಲ. 2009ರಲ್ಲಿ ಶುರುವಾದ ಬಿಟ್‌ಕಾಯಿನ್, 2015ರಲ್ಲಿ ಬಂದ ಇಥೀರಿಯಂ ಎರಡೂ ಇದೇ ಜಾತಿಯವು.

ತೊಂದರೆ ಇರುವುದೂ ಅಲ್ಲೇ. ಊರಿನ ಸಾವಿರ ಮನೆಯವರೂ ಊರಿನ ಇಡೀ ಲೆಕ್ಕ ಬರೆಯಬೇಕು ಅಂತ ಗ್ರಾಮಸಭೆಯಲ್ಲಿ ತೀರ್ಮಾನ ಆಯಿತು ಅಂದುಕೊಳ್ಳಿ. ಯಾರೋ ಎರಡು ರೂಪಾಯಿಯ ಬೆಂಕಿಪೊಟ್ಟಣ ಕೊಂಡರೂ ಸಾವಿರ ಮನೆಯ ಪುಸ್ತಕದಲ್ಲಿ ಸಾಲು ಬೀಳಬೇಕು. ಊರಿಗೆ ಇನ್ನೂ ನೂರು ಮನೆ ಸೇರಿದರೆ ಕೆಲಸ ಬೇಗ ಆಗುತ್ತದೆಯೇ? ಇಲ್ಲ. ನೂರು ಪುಸ್ತಕ ಹೆಚ್ಚಾಗುತ್ತದೆ, ವೇಗ ಅಷ್ಟೇ ಇರುತ್ತದೆ. ಈ ಒಂದು ಮಾತು ನನಗೆ ಹಿಡಿಯಲು ತುಂಬಾ ಹೊತ್ತು ಬೇಕಾಯಿತು. ಕಂಪ್ಯೂಟರು ಜಾಸ್ತಿ ಆದರೆ ವೇಗ ಜಾಸ್ತಿ ಅಂತಲೇ ನಾವೆಲ್ಲ ಅಂದುಕೊಳ್ಳುವುದು.

ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೆ ಒಂದು ಹಾಳೆ ತುಂಬುತ್ತದೆ. ಆ ಹಾಳೆಗೇ ಬ್ಲಾಕ್ ಅನ್ನುವುದು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 7 ವ್ಯವಹಾರ. ಇಥೀರಿಯಂನಲ್ಲಿ ಈಗ 12 ಸೆಕೆಂಡಿಗೊಂದು ಬ್ಲಾಕ್, ಬಹಳ ಕಾಲ ಸೆಕೆಂಡಿಗೆ ಸುಮಾರು 15 ವ್ಯವಹಾರ ನಡೆಯುತ್ತಿತ್ತು. ನಮ್ಮ ಯುಪಿಐ 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಲ್ಲಿ ಸಾವಿರ ಕೋಟಿ ವ್ಯವಹಾರ ದಾಟಿತು. ಅಂದರೆ ಸೆಕೆಂಡಿಗೆ ಸರಾಸರಿ 3,700ಕ್ಕೂ ಹೆಚ್ಚು. ಯುಪಿಐಗೆ ಇದು ಸಾಧ್ಯವಾಗುವುದು ಅಲ್ಲಿ ನಾವು ಬ್ಯಾಂಕುಗಳನ್ನೂ ಎನ್‌ಪಿಸಿಐ ಸಂಸ್ಥೆಯನ್ನೂ ನಂಬುತ್ತೇವೆ ಎಂಬ ಕಾರಣಕ್ಕೆ. ಪುಸ್ತಕ ಅವರ ಹತ್ತಿರ ಇದೆ, ಸಾವಿರ ಮನೆಯವರು ಬರೆಯಬೇಕಿಲ್ಲ.

2017ರ ಕೊನೆಯಲ್ಲಿ ಇಥೀರಿಯಂ ಮೇಲೆ ‘ಕ್ರಿಪ್ಟೊಕಿಟೀಸ್’ ಅಂತ ಒಂದು ಆಟ ಬಂತು. ಬೆಕ್ಕಿನ ಚಿತ್ರ ಕೊಳ್ಳುವುದು, ಮಾರುವುದು, ಮರಿ ಮಾಡಿಸುವುದು. ಆ ಬೆಕ್ಕುಗಳಿಂದಲೇ ಇಡೀ ಜಾಲ ಜಾಮ್ ಆಯಿತು. 2021ರ ಹೊತ್ತಿಗೆ ನೂರು ರೂಪಾಯಿ ಕಳಿಸಬೇಕಾದರೆ ಹಲವು ನೂರು, ಕೆಲವು ದಿನ ಸಾವಿರಾರು ರೂಪಾಯಿ ಶುಲ್ಕ ತೆರಬೇಕಾದ ಸ್ಥಿತಿ ಬಂತು. ಹಾಳೆಯಲ್ಲಿ ಜಾಗ ಕಡಿಮೆ, ಬರೆಸುವವರು ಜಾಸ್ತಿ, ಹೆಚ್ಚು ಕೊಟ್ಟವನ ಸಾಲು ಮೊದಲು. ಹರಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಳೆಯನ್ನೇ ದೊಡ್ಡದು ಮಾಡಬಹುದಲ್ಲ ಅಂತ ಕೇಳಬಹುದು. ಮಾಡಬಹುದು. ಆದರೆ ಆಗ ಪುಸ್ತಕ ಬೆಟ್ಟದಷ್ಟಾಗಿ, ಅದನ್ನು ಇಟ್ಟುಕೊಳ್ಳುವುದು ದೊಡ್ಡ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯ ಅಂತಾಗುತ್ತದೆ. ಇದೇ ಜಗಳದಲ್ಲಿ 2017ರಲ್ಲಿ ಬಿಟ್‌ಕಾಯಿನ್ ಒಡೆದು ಬಿಟ್‌ಕಾಯಿನ್ ಕ್ಯಾಶ್ ಅಂತ ಬೇರೆ ಮನೆ ಮಾಡಿತು.

ಇನ್ನೊಂದು ದಾರಿ: ಲೆಕ್ಕವನ್ನು ಹೊರಗೆ ಮಾಡಿ, ಫಲಿತಾಂಶವನ್ನಷ್ಟೇ ದೊಡ್ಡ ಪುಸ್ತಕಕ್ಕೆ ಏರಿಸುವುದು. ಕೆಳಗಿನ ದೊಡ್ಡ ಪುಸ್ತಕ ಲೇಯರ್ ಒನ್, ಅದರ ಮೇಲೆ ಕೂತು ಲೆಕ್ಕ ಮಾಡುವುದು ಲೇಯರ್ ಟು. ಹೆಸರು ದೊಡ್ಡದು, ಆದರೆ ಉದ್ರಿ ಪುಸ್ತಕ ಇಟ್ಟ ಕಿರಾಣಿ ಅಂಗಡಿಯವನಿಗೆ ಇದು ಹೊಸದಲ್ಲ. ತಿಂಗಳಿಡೀ ಸಕ್ಕರೆ, ಸೋಪು, ಬೀಡಿ ಬರೆಸುತ್ತೀರಿ. ಬ್ಯಾಂಕಿಗೆ ಹೋಗುವುದು ತಿಂಗಳ ಕೊನೆಯ ಒಂದೇ ಮೊತ್ತ.

ಬಿಟ್‌ಕಾಯಿನ್ ಮೇಲಿನ ‘ಲೈಟ್ನಿಂಗ್ ನೆಟ್‌ವರ್ಕ್’ ಹೆಚ್ಚುಕಡಿಮೆ ಹೀಗೇ. ಜೋಸೆಫ್ ಪೂನ್ ಮತ್ತು ಥಡ್ಡಿಯಸ್ ಡ್ರೈಜಾ ಎಂಬಿಬ್ಬರು ಇದನ್ನು ರೂಪಿಸಿದರು. ಇಬ್ಬರು ಸೇರಿ ಒಂದಷ್ಟು ದುಡ್ಡನ್ನು ದೊಡ್ಡ ಪುಸ್ತಕದಲ್ಲಿ ಬೀಗ ಹಾಕಿಡುತ್ತಾರೆ. ಆಮೇಲೆ ‘ನಿನ್ನದಿಷ್ಟು, ನನ್ನದಿಷ್ಟು’ ಅಂತ ತಮ್ಮತಮ್ಮಲ್ಲೇ ಚೀಟಿ ಬರೆದು ಇಬ್ಬರೂ ಸಹಿ ಹಾಕುತ್ತಾ ಹೋಗುತ್ತಾರೆ. ಸಾವಿರ ಚೀಟಿ ಆದರೂ ದೊಡ್ಡ ಪುಸ್ತಕಕ್ಕೆ ಹೋಗುವುದು ಕೊನೆಯದು ಮಾತ್ರ. ಒಬ್ಬ ಮೋಸಕ್ಕೆ ತನಗೆ ಲಾಭ ಇರುವ ಹಳೇ ಚೀಟಿ ತೋರಿಸಿದರೆ? ಇನ್ನೊಬ್ಬ ಗಡುವಿನೊಳಗೆ ಅದು ಹಳೆಯದೆಂದು ತೋರಿಸಿದರೆ ಬೀಗದಲ್ಲಿದ್ದ ದುಡ್ಡೆಲ್ಲ ಅವನಿಗೇ. ಉದ್ರಿ ಪುಸ್ತಕದಲ್ಲಿ ಇಲ್ಲದ ದಂಡ ಇಲ್ಲಿದೆ.

(ಬ್ಲಾಕ್‌ಚೈನ್ ಅಲ್ಲದಿದ್ದರೂ ಇದೇ ಬುದ್ಧಿಯ ಒಂದು ವಸ್ತು ನಿಮ್ಮ ಫೋನಿನಲ್ಲೇ ಇರಬಹುದು. 2022ರಲ್ಲಿ ಬಂದ ಯುಪಿಐ ಲೈಟ್. ಸ್ವಲ್ಪ ದುಡ್ಡನ್ನು ಮೊದಲೇ ತುಂಬಿಟ್ಟು ಅದರಿಂದ ಸಣ್ಣ ಮೊತ್ತ ಕೊಡುತ್ತೀರಿ. ಪ್ರತಿ ಟೀಗೂ ಬ್ಯಾಂಕಿನ ದೊಡ್ಡ ಕಂಪ್ಯೂಟರನ್ನು ಎಬ್ಬಿಸಬೇಕಿಲ್ಲ. ಪಾಸ್‌ಬುಕ್ಕಿನ ತುಂಬಾ ಹತ್ತು ರೂಪಾಯಿಯ ಸಾಲುಗಳೂ ಬೀಳುವುದಿಲ್ಲ.)

ಇಬ್ಬರ ನಡುವೆ ಸರಿ. ಲಕ್ಷ ಜನರ ಲೆಕ್ಕವನ್ನು ಹೊರಗೆ ಮಾಡುವುದು ಹೇಗೆ? ಇದಕ್ಕೆ ಬಂದ ಉಪಾಯದ ಹೆಸರು ‘ರೋಲಪ್’. ಇಥೀರಿಯಂ ಮೇಲೆ ಈಗ ಓಡುತ್ತಿರುವ ಆರ್ಬಿಟ್ರಮ್, ಆಪ್ಟಿಮಿಸಮ್, ಸ್ಟಾರ್ಕ್‌ನೆಟ್ ಇವೆಲ್ಲ ರೋಲಪ್‌ಗಳು.

ನಮ್ಮೂರ ಹಾಲಿನ ಡೇರಿ ನೆನಪಿಸಿಕೊಳ್ಳಿ. ಬೆಳಿಗ್ಗೆ, ಸಂಜೆ ಮನೆಮನೆಯಿಂದ ಹಾಲು ಬರುತ್ತದೆ. ಕಾರ್ಯದರ್ಶಿ ಅಳೆದು, ಫ್ಯಾಟ್ ನೋಡಿ, ಬರೆದುಕೊಳ್ಳುತ್ತಾರೆ. ಒಕ್ಕೂಟದ ಲಾರಿಗೆ ಹೋಗುವುದು ಒಟ್ಟು ಹಾಲು, ಒಕ್ಕೂಟದ ಲೆಕ್ಕಕ್ಕೆ ಹೋಗುವುದು ಸಂಘದ ಹೆಸರಿನ ಒಂದು ಸಾಲು. ಯಾವ ಮನೆಯ ಎಮ್ಮೆ ಇವತ್ತು ಕಡಿಮೆ ಕೊಟ್ಟಿತು ಅನ್ನುವುದು ಒಕ್ಕೂಟಕ್ಕೆ ಬೇಡದ ವಿಷಯ. ಬಟವಾಡೆ ಒಟ್ಟಿಗೆ ಬರುತ್ತದೆ, ಸಂಘ ಹಂಚುತ್ತದೆ. ಪ್ರತಿ ಮನೆಯವರೂ ಕ್ಯಾನು ಹೊತ್ತು ಒಕ್ಕೂಟದ ಬಾಗಿಲಿಗೇ ಹೋಗುವುದಾದರೆ ಸಾಲು ನಗರ ದಾಟುತ್ತಿತ್ತು.

ರೋಲಪ್ ಕೂಡ ಹೀಗೆ ಸಾವಿರಾರು ವ್ಯವಹಾರಗಳನ್ನು ಕಟ್ಟು ಕಟ್ಟಿ ಕೆಳಗೆ ಇಳಿಸುತ್ತದೆ. ಆದರೆ ಡೇರಿಯಲ್ಲಿ ಒಂದು ಹಳೇ ಜಗಳ ಇದೆ, ನಿಮಗೂ ಗೊತ್ತು: ಕಾರ್ಯದರ್ಶಿ ಫ್ಯಾಟ್ ಕಡಿಮೆ ಬರೆದರೆ? ರಿಜಿಸ್ಟರು ಅವರ ಕೈಯಲ್ಲೇ ಇದೆ. ಅದಕ್ಕೇ ರೋಲಪ್‌ಗೆ ಒಂದು ಕಟ್ಟುನಿಟ್ಟಿನ ನಿಯಮ. ಲೆಕ್ಕ ಹೊರಗೆ ಮಾಡು, ಪರವಾಗಿಲ್ಲ. ಆದರೆ ಆ ಲೆಕ್ಕವನ್ನು ಬೇರೆ ಯಾರಾದರೂ ಮೊದಲಿಂದ ಮಾಡಿ ನೋಡಲು ಬೇಕಾಗುವ ಪೂರ್ತಿ ದಾಖಲೆಯನ್ನು ಕುಗ್ಗಿಸಿ, ದೊಡ್ಡ ಪುಸ್ತಕದ ನೋಟಿಸ್ ಬೋರ್ಡಿಗೆ ಅಂಟಿಸಲೇಬೇಕು. ನನ್ನ ಪ್ರಕಾರ ಇಡೀ ಲೇಯರ್ ಟು ವಿಚಾರದ ಜೀವ ಇರುವುದು ಈ ನಿಯಮದಲ್ಲಿ. ವೇಗದ ಮಾತು ಎಲ್ಲರೂ ಆಡುತ್ತಾರೆ, ಈ ನೋಟಿಸ್ ಬೋರ್ಡಿನ ಮಾತು ಯಾರೂ ಆಡುವುದಿಲ್ಲ.

ಮೊದಮೊದಲು ಆ ಬೋರ್ಡಿನ ಜಾಗಕ್ಕೇ ದುಬಾರಿ ಬಾಡಿಗೆ ಆಗುತ್ತಿತ್ತು. 2024ರ ಮಾರ್ಚ್ 13ರಂದು ಇಥೀರಿಯಂನಲ್ಲಿ ‘ಡೆನ್‌ಕುನ್’ ಎಂಬ ಬದಲಾವಣೆ ಬಂತು. ರೋಲಪ್‌ಗಳಿಗೆಂದೇ ‘ಬ್ಲಾಬ್’ ಎಂಬ ಅಗ್ಗದ ಜಾಗ ಮಾಡಿಕೊಟ್ಟರು. ಒಂದೊಂದು ಬ್ಲಾಬ್ 128 ಕೆಬಿ, ಸುಮಾರು 18 ದಿನ ಇದ್ದು ಆಮೇಲೆ ಅಳಿಸಬಹುದು. ಗೋಡೆಗೆ ಕೆತ್ತುವ ಬದಲು ಕಾಗದ ಅಂಟಿಸಿದ ಹಾಗೆ. ರೋಲಪ್‌ಗಳ ಶುಲ್ಕ ಒಮ್ಮೆಲೇ ಇಳಿಯಿತು, ಎಷ್ಟೋ ಕಡೆ ಪೈಸೆಗಳಿಗೆ ಬಂತು. ಹದಿನೆಂಟು ದಿನ ಸಾಕಾ ಅಂದರೆ, ತಕರಾರಿನ ಗಡುವು ಅದಕ್ಕಿಂತ ಚಿಕ್ಕದು. ಆ ಗಡುವೇ ನಮ್ಮ ಏಳು ದಿನ.

ಪಹಣಿಯಲ್ಲಿ ಹೆಸರು ಬದಲಾಯಿಸುವಾಗ ಏನು ಮಾಡುತ್ತಾರೆ? ‘ಈ ಜಮೀನಿನ ಖಾತೆ ಇಂಥವರ ಹೆಸರಿಗೆ ಆಗಲಿದೆ, ತಕರಾರಿದ್ದರೆ ಇಷ್ಟು ದಿನದೊಳಗೆ ಸಲ್ಲಿಸಿ’ ಅಂತ ನೋಟಿಸ್ ಹಚ್ಚುತ್ತಾರೆ. ಯಾರೂ ಬರದಿದ್ದರೆ ಸರಿ ಅಂತಲೇ ಲೆಕ್ಕ. ಆರ್ಬಿಟ್ರಮ್, ಆಪ್ಟಿಮಿಸಮ್ ಇದೇ ಕ್ರಮದವು. ಇವಕ್ಕೆ ‘ಆಪ್ಟಿಮಿಸ್ಟಿಕ್ ರೋಲಪ್’ ಅನ್ನುತ್ತಾರೆ, ಅಂದರೆ ಸರಿಯಾಗಿಯೇ ಇದೆ ಅಂತ ನಂಬಿ ಮುಂದೆ ಹೋಗುವುದು. ಕೆಳಗಿನ ಪುಸ್ತಕಕ್ಕೆ ದುಡ್ಡು ವಾಪಸ್ ತರುವಾಗ ಸುಮಾರು ಏಳು ದಿನ ತಡೆಹಿಡಿಯುತ್ತಾರೆ. ಅಷ್ಟರೊಳಗೆ ಪ್ರಪಂಚದಲ್ಲಿ ಒಬ್ಬನೇ ಒಬ್ಬ ಪ್ರಾಮಾಣಿಕ ಲೆಕ್ಕ ಮಾಡಿ ನೋಡಿ ‘ಇದು ತಪ್ಪು’ ಅಂತ ತಕರಾರು ಹಾಕಿದರೂ ಸಾಕು.

ತಕರಾರು ಬಂದರೆ ಇಡೀ ಲೆಕ್ಕವನ್ನು ದೊಡ್ಡ ಪುಸ್ತಕ ಮತ್ತೆ ಮಾಡುವುದಾದರೆ ಮೊದಲಿನ ಗೋಳೇ ಆಯಿತಲ್ಲ? ಇಲ್ಲಿ ಒಂದು ಚಂದದ ಉಪಾಯ ಇದೆ. ಹತ್ತು ಲಕ್ಷ ಸಾಲಿನ ಲೆಕ್ಕ ಅಂದುಕೊಳ್ಳಿ. ಕೊನೆಯ ಮೊತ್ತದಲ್ಲಿ ಇಬ್ಬರಿಗೆ ಭಿನ್ನಾಭಿಪ್ರಾಯ. ‘ಐದು ಲಕ್ಷದ ಸಾಲಿನಲ್ಲಿ ನಿಮ್ಮಿಬ್ಬರ ಮೊತ್ತ ಎಷ್ಟು?’ ಅಂತ ಕೇಳುವುದು. ಅಲ್ಲಿ ಒಂದೇ ಇದ್ದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಬೇರೆ ಇದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡು. ಹೀಗೆ 20 ಸಲ ಅರ್ಧ ಮಾಡಿದರೆ ಹತ್ತು ಲಕ್ಷ ಸಾಲು ಒಂದೇ ಸಾಲಿಗೆ ಇಳಿಯುತ್ತದೆ. ಕಾಗದದ ಮೇಲೆ ಮಾಡಿ ನೋಡಿ, ನಿಜ. ದೊಡ್ಡ ಪುಸ್ತಕ ಆ ಒಂದು ಸಾಲನ್ನು ಮಾತ್ರ ಲೆಕ್ಕ ಮಾಡಿ ತೀರ್ಪು ಕೊಡುತ್ತದೆ. ಸುಳ್ಳು ಹೇಳಿದವನ ಠೇವಣಿ ಹೋಗುತ್ತದೆ. ನಮ್ಮ ಜಮೀನು ವ್ಯಾಜ್ಯಗಳಿಗೂ ಇಂಥದ್ದೊಂದು ಇದ್ದಿದ್ದರೆ ತಾಲ್ಲೂಕು ಕೋರ್ಟಿನ ಮುಂದಿನ ಹೋಟೆಲುಗಳಿಗೆ ವ್ಯಾಪಾರ ಇರುತ್ತಿರಲಿಲ್ಲ.

ಇಷ್ಟು ಗೊತ್ತಾದ ಮೇಲೆ ನಾನು ಈ ವಿಷಯಕ್ಕೆ ಬೀಳಲು ಕಾರಣವಾದ ಸಂಗತಿ ಹೇಳಬೇಕು. ಪಕ್ಕದ ಹಳ್ಳಿಯ ಒಬ್ಬರು, ನನಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕು. ಎರಡು ವರ್ಷ ಅಟ್ಟದ ಮೇಲೆ ಇಟ್ಟಿದ್ದ ಕೊಬ್ಬರಿ ಮಾರಿದ ದುಡ್ಡಲ್ಲಿ 1 ಲಕ್ಷ 80 ಸಾವಿರವನ್ನು ಒಂದು ಆ್ಯಪಿಗೆ ಹಾಕಿದ್ದರು. ‘ಲೇಯರ್ ಟು ಕಾಯಿನ್’ ಅಂತ. ಫೋನಿನಲ್ಲಿ ಅದು 4 ಲಕ್ಷ ಆಗಿರುವುದು ಕಾಣುತ್ತಿತ್ತು. ಮಗಳ ಮದುವೆಗೆ ತೆಗೆಯಲು ಹೋದರೆ ‘ಲೇಯರ್ ಟು ವಿತ್‌ಡ್ರಾವಲ್, 7 ದಿನ ಕಾಯಿರಿ’ ಅಂತ ಬಂತು. ಕಾದರು. ಏಳಾದ ಮೇಲೆ ‘18 ಪರ್ಸೆಂಟ್ ಟ್ಯಾಕ್ಸ್ ಕಟ್ಟಿದರೆ ಬಿಡುಗಡೆ’ ಅಂತ ಬಂತು, ಜೊತೆಗೆ ಕಟ್ಟಲು ಒಂದು ಯುಪಿಐ ನಂಬರು.

ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು, ‘ಆ ಟ್ಯಾಕ್ಸ್ ಕಟ್ಟಲೋ ಬೇಡವೋ ಹೇಳಪ್ಪಾ, ಏಳು ದಿನ ಅಂದಿದ್ದು ನಿಜ ಅಂತೆ, ಮಗ ಗೂಗಲ್‌ನಲ್ಲಿ ನೋಡಿದಾನೆ.’

ಕೆಟ್ಟದ್ದು ಅದೇ. ಏಳು ದಿನ ನಿಜವಾಗಿಯೂ ಇದೆ. ಹುಡುಕಿದವನಿಗೆ ಸಿಗುತ್ತದೆ, ಸಿಕ್ಕಿದ್ದರಿಂದ ನಂಬಿಕೆ ಗಟ್ಟಿಯಾಗುತ್ತದೆ. ಮೋಸಗಾರರು ಪೂರ್ತಿ ಸುಳ್ಳು ಹೇಳಿದ್ದರೆ ಆ ಹುಡುಗನೇ ಹಿಡಿಯುತ್ತಿದ್ದ.

ಹಾಗಾದರೆ ವ್ಯತ್ಯಾಸ ಎಲ್ಲಿ? ನಿಜವಾದ ಏಳು ದಿನ ಎಲ್ಲರ ಕಣ್ಣಿಗೂ ಕಾಣುವ ಏಳು ದಿನ. ನೀವು ವಾಪಸಾತಿ ಕೇಳಿದ ಕ್ಷಣ ಅದಕ್ಕೊಂದು ಉದ್ದದ ಗುರುತಿನ ಸಂಖ್ಯೆ ಹುಟ್ಟುತ್ತದೆ, ‘ಟ್ರಾನ್ಸಾಕ್ಷನ್ ಹ್ಯಾಶ್’ ಅನ್ನುತ್ತಾರೆ. ಅದನ್ನು ಆ ಆ್ಯಪಿನಲ್ಲಿ ಅಲ್ಲ, ಹೊರಗಿನ ‘ಎಕ್ಸ್‌ಪ್ಲೋರರ್’ ಎಂಬ ಸಾರ್ವಜನಿಕ ವೆಬ್‌ಸೈಟಿನಲ್ಲಿ ಹಾಕಿದರೆ ಯಾರಿಗೆ, ಎಷ್ಟು, ಯಾವಾಗ ಎಲ್ಲ ತೋರಿಸುತ್ತದೆ. ಮಾವನ ಆ್ಯಪಿನಲ್ಲಿ ಅಂಥ ಸಂಖ್ಯೆಯೇ ಇರಲಿಲ್ಲ. ಅಲ್ಲಿದ್ದದ್ದು ಬರೀ ಚಿತ್ರ. ಎರಡನೆಯದು, ನಿಜವಾದ ರೋಲಪ್‌ನಲ್ಲಿ ಬಿಡುಗಡೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಡೆಸುವ ಕಂಪನಿ ನಿಮ್ಮ ಕೋರಿಕೆಯನ್ನು ಮೂಲೆಗೆ ಹಾಕಿದರೂ ನೇರವಾಗಿ ಕೆಳಗಿನ ಪುಸ್ತಕದಲ್ಲೇ ಅರ್ಜಿ ಬರೆಸಿ ಒತ್ತಾಯದಿಂದ ಹೊರಬರುವ ಬಾಗಿಲನ್ನು ಒಳ್ಳೆಯ ರೋಲಪ್‌ಗಳು ಇಟ್ಟಿರುತ್ತವೆ. ತೆರಿಗೆಯೂ ಹಾಗೆ ಬರುವುದಿಲ್ಲ. ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಜುಲೈನಿಂದ ಮಾರಾಟಕ್ಕೆ 1 ಪರ್ಸೆಂಟ್ ಟಿಡಿಎಸ್ ಇದೆ. ಅದು ಪ್ಯಾನ್ ನಂಬರಿನ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಯಾರದೋ ಯುಪಿಐ ನಂಬರಿಗೆ ಹೋಗುವುದಿಲ್ಲ.

ಟ್ಯಾಕ್ಸ್ ಕಟ್ಟಲಿಲ್ಲ. 1930ಕ್ಕೆ ಫೋನ್ ಮಾಡಿಸಿ, ಜಿಲ್ಲೆಯ ಸಿಇಎನ್ ಠಾಣೆಯಲ್ಲಿ ದೂರು ಬರೆಸಿದೆವು. ದುಡ್ಡು ಹಾಕಿ ತಿಂಗಳುಗಳಾಗಿದ್ದರಿಂದ ಆ ಖಾತೆಗಳು ಖಾಲಿಯಾಗಿದ್ದವು. ಇದನ್ನು ಬರೆಯುವವರೆಗೂ ಒಂದು ರೂಪಾಯಿ ವಾಪಸ್ ಬಂದಿಲ್ಲ. ಮದುವೆ ಸಾಲದಲ್ಲಿ ಆಯಿತು. ಆ ಆ್ಯಪ್ ತೋರಿಸಿಕೊಟ್ಟವನು ಮದುವೆ ಊಟಕ್ಕೂ ಬಂದಿದ್ದ, ಅವನದ್ದೂ ಹೋಗಿತ್ತಂತೆ.

ಇನ್ನೊಂದು ಬಗೆಯ ರೋಲಪ್ ಇದೆ, ಅದರಲ್ಲಿ ತಕರಾರಿಗೆ ಕಾಯುವುದಿಲ್ಲ. ಲೆಕ್ಕದ ಜೊತೆಗೇ ‘ಇದು ಸರಿ’ ಎಂಬ ಪುರಾವೆ ಬರುತ್ತದೆ. ಅದಕ್ಕೆ ‘ಜೀರೊ ನಾಲೆಡ್ಜ್ ರೋಲಪ್’ ಅನ್ನುತ್ತಾರೆ. ಸ್ಟಾರ್ಕ್‌ನೆಟ್, ಜೆಡ್‌ಕೆಸಿಂಕ್ ಈ ಗುಂಪಿನವು. ಲೆಕ್ಕ ಮತ್ತೆ ಮಾಡದೆ ಸರಿ ಅಂತ ಹೇಗೆ ಗೊತ್ತಾಗುತ್ತದೆ? ಹಳೇ ಮೇಷ್ಟ್ರುಗಳು ಗುಣಾಕಾರಕ್ಕೆ ಒಂದು ತಾಳೆ ಹೇಳಿಕೊಡುತ್ತಿದ್ದರು. 347 ಗುಣಿಸು 268, ಉತ್ತರ 92,996. ಸರಿಯೇ? 3, 4, 7 ಕೂಡಿದರೆ 14, ಮತ್ತೆ ಕೂಡಿದರೆ 5. 2, 6, 8 ಕೂಡಿದರೆ 16, ಅದು 7. ಐದೇಳಲೆ 35, ಅದು 8. ಈಗ ಉತ್ತರದ ಅಂಕಿಗಳನ್ನು ಕೂಡಿ: 35, ಅದೂ 8. ತಾಳೆ ಆಯಿತು. ಗುಣಾಕಾರ ಮಾಡಲೇ ಇಲ್ಲ.

ಆದರೆ ಇದರಲ್ಲಿ ಕಳ್ಳ ನುಸುಳಬಹುದು. 92,969 ಅಂತ ಅಂಕಿ ಅದಲುಬದಲು ಮಾಡಿ ಬರೆದರೂ 8 ಬರುತ್ತದೆ. ಮೇಷ್ಟ್ರು ಒಂಬತ್ತರ ತಾಳೆ ಮಾತ್ರ ನೋಡುತ್ತಾರೆ ಅಂತ ಹುಡುಗನಿಗೆ ಮೊದಲೇ ಗೊತ್ತು. ಮೇಷ್ಟ್ರು ಉತ್ತರ ಬರೆಸಿಕೊಂಡ ಮೇಲೆ, ತಮ್ಮ ಮನಸ್ಸಿಗೆ ಬಂದ ಯಾವುದೋ ಭಾರಿ ದೊಡ್ಡ ಸಂಖ್ಯೆಯಿಂದ ತಾಳೆ ನೋಡಿದರೆ? ಆಗ ತಪ್ಪು ಉತ್ತರ ಪಾರಾಗುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದರ ಹಿಂದಿನ ಗಣಿತ ಬಹಳ ಆಳದ್ದು, ನಾನು ಹೇಳಿದ್ದು ಬಾಗಿಲ ಬಳಿಯ ಮಾತು. ಆದರೆ ಬುದ್ಧಿ ಇದೇ: ಮಾಡುವುದು ಕಷ್ಟ, ತಾಳೆ ನೋಡುವುದು ಸುಲಭ. ಪುರಾವೆ ತಯಾರಿಸಲು ದೊಡ್ಡ ಕಂಪ್ಯೂಟರು ಬೆವರುತ್ತದೆ, ಪರೀಕ್ಷಿಸಲು ಕೆಳಗಿನ ಪುಸ್ತಕಕ್ಕೆ ಸ್ವಲ್ಪವೇ ಕೆಲಸ. ತಕರಾರಿಗೆ ವಾರಗಟ್ಟಲೆ ಕಾಯಬೇಕಾಗಿಯೂ ಇಲ್ಲ.

ನಿಜವಾದ ಲೇಯರ್ ಟು ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಹುದು ಅಂತಲೂ ನಾನು ಹೇಳುತ್ತಿಲ್ಲ. ವ್ಯವಹಾರಗಳನ್ನು ಸಾಲಾಗಿ ಜೋಡಿಸುವ ಕೆಲಸ ಬಹುತೇಕ ರೋಲಪ್‌ಗಳಲ್ಲಿ ಇವತ್ತಿಗೂ ಒಂದೇ ಕಂಪನಿಯ ಕೈಯಲ್ಲಿದೆ. ಆ ಯಂತ್ರ ನಿಂತರೆ ಎಲ್ಲ ನಿಲ್ಲುತ್ತದೆ. ಇನ್ನು ಕೆಲವು ಲೇಯರ್ ಟು ಅಂತ ಕರೆಸಿಕೊಂಡರೂ ರೋಲಪ್ ಅಲ್ಲ, ಪಕ್ಕದಲ್ಲಿ ಓಡುವ ಬೇರೆಯದೇ ಪುಸ್ತಕ. ಆ್ಯಕ್ಸಿ ಇನ್ಫಿನಿಟಿ ಎಂಬ ಆಟಕ್ಕೆ ಮಾಡಿದ ರೋನಿನ್ ಅಂಥದ್ದು. ಕೋವಿಡ್ ಕಾಲದಲ್ಲಿ ಫಿಲಿಪ್ಪೀನ್ಸಿನಲ್ಲಿ ಎಷ್ಟೋ ಬಡವರು ಆ ಆಟದಿಂದ ಹೊಟ್ಟೆ ಹೊರೆದಿದ್ದರು. ಅದರ ಖಜಾನೆಗೆ 9 ಕೀಲಿ, 5 ಸೇರಿದರೆ ತೆರೆಯುತ್ತಿತ್ತು. 2022ರ ಮಾರ್ಚ್‌ನಲ್ಲಿ ಕಳ್ಳರು ಐದನ್ನೂ ಸಂಪಾದಿಸಿ 60 ಕೋಟಿ ಡಾಲರಿಗೂ ಹೆಚ್ಚು ಹೊಡೆದರು. ಆರು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಒಬ್ಬ ಬಳಕೆದಾರ ತನ್ನ ದುಡ್ಡು ತೆಗೆಯಲು ಹೋಗಿ ಬರದಿದ್ದಾಗ ಗೊತ್ತಾಯಿತು. ಕದ್ದದ್ದು ಉತ್ತರ ಕೊರಿಯಾದ ತಂಡ ಅಂತ ಅಮೆರಿಕದ ಎಫ್‌ಬಿಐ ಹೇಳಿತು.

ನಮ್ಮ ದೇಶದವರು ಕಟ್ಟಿದ್ದೂ ಇದೆ. ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ 2017ರಲ್ಲಿ ಶುರು ಮಾಡಿದ ಮ್ಯಾಟಿಕ್, ಈಗಿನ ಪಾಲಿಗಾನ್. ಅದರ ಹಳೆಯ ಜಾಲವೂ ಪೂರ್ತಿ ರೋಲಪ್ ಅಲ್ಲ, ಅದಕ್ಕೆ ತನ್ನದೇ ಕಾವಲುಗಾರರಿದ್ದಾರೆ. ಶುಲ್ಕ ಕಡಿಮೆ ಇರುವುದರಿಂದ ಸರ್ಕಾರಿ ಕಚೇರಿಗಳೂ ಅದನ್ನು ಬಳಸಿ ನೋಡಿವೆ. 2022ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎಟಪಲ್ಲಿಯಲ್ಲಿ ಸುಮಾರು 65 ಸಾವಿರ ಜಾತಿ ಪ್ರಮಾಣ ಪತ್ರಗಳನ್ನು ಅದರ ಮೇಲೆ ದಾಖಲಿಸುವ ಕೆಲಸಕ್ಕೆ ಕೈ ಹಾಕಿದರು. ನಕಲಿ ಪತ್ರ ಹಿಡಿಯುವುದು ಉದ್ದೇಶ. ಬ್ಲಾಕ್‌ಚೈನ್ ಅಂದರೆ ದುಡ್ಡು ದುಪ್ಪಟ್ಟು ಮಾಡುವ ಯಂತ್ರ ಅಂತ ತಿಳಿದವರಿಗೆ ನಾನು ಈಗ ಈ ಎಟಪಲ್ಲಿಯ ಉದಾಹರಣೆಯನ್ನೇ ಮೊದಲು ಹೇಳುವುದು.

ನಿಮ್ಮ ಫೋನಿನಲ್ಲೂ ಇಂಥ ಆ್ಯಪ್ ಇದ್ದು, ದುಡ್ಡು ಹೊರಗೆ ಬರುತ್ತಿಲ್ಲ ಅಂದರೆ ಮೊದಲು 1930, ಅದೂ ತಡಮಾಡದೆ. ದುಡ್ಡು ಹೋದ ಮೊದಲ ಕೆಲವು ಗಂಟೆಗಳಲ್ಲಿ ಖಾತೆ ತಡೆಹಿಡಿಯುವ ಅವಕಾಶ ಹೆಚ್ಚು. ಯುಪಿಐ ಉಲ್ಲೇಖ ಸಂಖ್ಯೆ, ಬ್ಯಾಂಕ್ ಸ್ಟೇಟ್‌ಮೆಂಟ್, ಚಾಟ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ, ಆ್ಯಪ್ ಅಳಿಸಬೇಡಿ. ಆಮೇಲೆ ನನಗೂ ಸ್ಕ್ರೀನ್‌ಶಾಟ್ ಕಳಿಸಿ, ಹ್ಯಾಶ್ ಇದೆಯಾ ಅಂತ ಕೂತು ನೋಡೋಣ. ವ್ಯಾಲೆಟ್ ತೆರೆಯುವಾಗ ಕೊಟ್ಟಿರುತ್ತಾರಲ್ಲ, ಆ ಹನ್ನೆರಡು ಪದಗಳ ಗುಟ್ಟು, ಅದನ್ನು ಮಾತ್ರ ಯಾರಿಗೂ ಕಳಿಸಬೇಡಿ. ನನಗೂ.